ಮಾವನ ಕುಲುಮೆ, ಅಳಿಯನ ಎಂಜಿನ್, ಬಾಮೈದನ ಲೆಕ್ಕದ ಪುಸ್ತಕ

ಕಳೆದ ಭಾನುವಾರ ನಮ್ಮ ಬಡಾವಣೆ ಲೈಬ್ರರಿಯ ಮೇಲಿನ ಹಾಲ್‌ನಲ್ಲಿ ಒಂದೂವರೆ ಗಂಟೆ ಮಾತಾಡಿದ್ದೆ, ಬಂದವರು ನಲವತ್ತು ಜನ ಇದ್ದಿರಬಹುದು, ಬರದೇ ಇದ್ದವರು ಬರೆದು ಹಾಕಿ ಸಾರ್ ಅಂತ ಬೆನ್ನು ಬಿದ್ದಿದಾರೆ. ಸರಿ, ಮಾತಾಡಿದ ಹಾಗೇ ಬರೀತೀನಿ, ಪ್ರೊಜೆಕ್ಟರ್ ಕೈಕೊಟ್ಟು ನಾನು ಸುಮ್ಮನೆ ನಿಂತಿದ್ದ ಇಪ್ಪತ್ತು ನಿಮಿಷ ಬಿಟ್ಟು.

ಮೊದಲು ಒಂದು ಪ್ರಶ್ನೆ ಕೇಳಿದೆ. ಏತ ಕಣ್ಣಾರೆ ನೋಡಿದವರು ಎಷ್ಟು ಜನ ಇದೀರಿ? ನಾಲ್ಕು ಕೈ ಎದ್ದವು, ನಾಲ್ಕೂ ಅರವತ್ತು ದಾಟಿದ ಕೈಗಳು. ಏತ ನೀರಾವರಿ ಅನ್ನೋ ಮಾತು ಪೇಪರಲ್ಲಿ ಎಲ್ಲರೂ ಓದಿರ್ತೀರಿ, ಆದರೆ ಅದರಲ್ಲಿರೋದು ಮೋಟರ್ರು, ಏತ ಅಲ್ಲ. ನಿಜವಾದ ಏತ ಅಂದ್ರೆ ಬಾವಿ ಪಕ್ಕ ಒಂದು ಕಂಬ, ಅದರ ಮೇಲೆ ಅಡ್ಡಡ್ಡ ಒಂದು ಉದ್ದನೆ ಮರ, ಒಂದು ತುದಿಗೆ ಗಳ ಕಟ್ಟಿ ಅದಕ್ಕೆ ಬಾನಿ, ಮರದ ಮೇಲೆ ಒಬ್ಬ ಮನುಷ್ಯ ಹಿಂದಕ್ಕೂ ಮುಂದಕ್ಕೂ ನಡೀತಾನೆ, ಅವನ ಮೈತೂಕ ಈ ಕಡೆ ಬಂದ್ರೆ ಬಾನಿ ಮೇಲೆ, ಆ ಕಡೆ ಹೋದ್ರೆ ಬಾನಿ ಕೆಳಗೆ. ಇಷ್ಟೇ. ಇದನ್ನ ತಲೇಲಿ ಇಟ್ಕೊಳಿ, ಯಾಕಂದ್ರೆ ನಾನು ಹೇಳೋಕೆ ಹೊರಟಿರೋದು ಕಬ್ಬಿಣದ ಏತ ಮಾಡ್ತಿದ್ದ ಒಂದು ಮನೆತನದ ಕಥೆ.

ಜಾಗ ಇಂಗ್ಲೆಂಡಿನ ನೈಋತ್ಯ ಮೂಲೆ, ಕಾರ್ನ್‌ವಾಲ್. ಊರ ಹೆಸರು ಹೇಲ್. (ಹಿಂದಿನ ಸಾಲಿನ ಹುಡುಗರು ಇಲ್ಲಿ ನಕ್ಕರು, ನಾನೂ ಮೊದಲ ಸಲ ಓದಿದಾಗ ನಕ್ಕಿದ್ದೆ, ಇನ್ನು ಮುಂದೆ ನಗಬೇಡಿ.) ಕಾರ್ನ್‌ವಾಲ್ ನೆಲದ ಕೆಳಗೆ ತಾಮ್ರ ಇತ್ತು, ತವರ ಇತ್ತು, ಅದಕ್ಕಿಂತ ಜಾಸ್ತಿ ನೀರಿತ್ತು. ಮೂರು ಕಡೆ ಸಮುದ್ರ, ಮೇಲಿಂದ ವರ್ಷಪೂರ್ತಿ ಮಳೆ, ಗಣಿ ಆಳಕ್ಕೆ ಹೋದಷ್ಟೂ ನೀರು ನುಗ್ಗೋದು. ನೀರೆತ್ತೋ ಎಂಜಿನ್ ನಿಂತ್ರೆ ಗಣಿ ಮುಳುಗ್ತು ಅಂತಾನೇ ಲೆಕ್ಕ. ಆ ಎಂಜಿನ್‌ಗೆ ಬೇಕಾದ ಕಲ್ಲಿದ್ದಲು ಮಾತ್ರ ಕಾರ್ನ್‌ವಾಲ್‌ನಲ್ಲಿ ಒಂದು ಚೂರೂ ಇಲ್ಲ, ಎಲ್ಲಾ ಹಡಗಲ್ಲಿ ಸೌತ್ ವೇಲ್ಸ್‌ನಿಂದ ಬರಬೇಕು. ಈ ಕಲ್ಲಿದ್ದಲಿನ ಖರ್ಚೇ ಮುಂದಿನ ನೂರು ವರ್ಷದ ಕಥೆಯನ್ನ ನಡೆಸಿದ್ದು.

ಜಾನ್ ಹಾರ್ವಿ ಅಂತ ಒಬ್ಬ ಕಮ್ಮಾರ. ಗ್ವಿನಿಯರ್ ಅನ್ನೋ ಪ್ಯಾರಿಶ್‌ನ ಹಳ್ಳಿಯವನು, ಗಣಿಗಳಿಗೆ ಬೇಕಾದ ಕಬ್ಬಿಣದ ಸಾಮಾನು ಮಾಡಿಕೊಡ್ತಿದ್ದ. 1779ರಲ್ಲಿ ಹೇಲ್‌ಗೆ ಬಂದು ಒಂದು ಸಣ್ಣ ಎರಕದ ಶಾಲೆ ಹಾಕ್ದ, ಅಂದ್ರೆ ಫೌಂಡ್ರಿ. ಆಗ ಗಣಿಯಿಂದ ನೀರೆತ್ತೋ ಪೈಪು ಅಂದ್ರೆ ಮರದ ದಿಮ್ಮಿ ಕೊರೆದು ಟೊಳ್ಳು ಮಾಡಿದ್ದು, ಅದು ಸೋರೋದು, ಸೀಳೋದು. ಅದರ ಬದಲು ಎರಕದ ಕಬ್ಬಿಣದ ಪೈಪು ಮಾಡಿ ಮಾರಿದ್ರೆ ನಡೆಯತ್ತೆ ಅನ್ನೋದು ಇವನ ಲೆಕ್ಕ. ನಡೀತು ಕೂಡ. ದೊಡ್ಡ ಆಸೆ ಏನಿಲ್ಲ, ಗಂಡುಮಕ್ಕಳು ಕೈಗೆ ಬರೋ ಹೊತ್ತಿಗೆ ಒಂದು ಕಸುಬು ನಿಂತಿರಲಿ ಅಂತ.

ಆ ಕಾಲದ ಎಂಜಿನ್ ಅಂದ್ರೆ ಜೇಮ್ಸ್ ವಾಟ್‌ದು. ವಾಟ್ 1769ರಲ್ಲಿ ಪೇಟೆಂಟ್ ತಗೊಂಡಿದ್ದ, ಆಮೇಲೆ ಪಾರ್ಲಿಮೆಂಟಿಂದ ಅದನ್ನ 1800ರವರೆಗೆ ಎಳೆಸಿಕೊಂಡ. ಅವನ ಮತ್ತು ಪಾರ್ಟ್ನರ್ ಬೋಲ್ಟನ್‌ದು ವ್ಯಾಪಾರದ ರೀತಿ ಏನು ಗೊತ್ತಾ, ನಮ್ಮ ಎಂಜಿನ್ ಹಾಕಿದ ಮೇಲೆ ನಿಮಗೆ ಹಳೇದಕ್ಕಿಂತ ಎಷ್ಟು ಕಲ್ಲಿದ್ದಲು ಉಳೀತೋ ಆ ಉಳಿತಾಯದ ಮೂರನೇ ಒಂದು ಪಾಲು ದುಡ್ಡು ನಮಗೆ ಕೊಡ್ತಾ ಇರಿ. ಮೊದಮೊದಲು ಗಣಿಯವರು ಖುಷಿಯಾಗೇ ಕೊಟ್ಟರು, ಹತ್ತು ವರ್ಷ ಆದ ಮೇಲೆ ಅದು ಮನೆ ಬಾಡಿಗೆ ಥರ ಉರಿಯೋಕೆ ಶುರುವಾಯ್ತು. ಎಡ್ವರ್ಡ್ ಬುಲ್ ಅನ್ನೋನು ಏನು ಮಾಡಿದ ಅಂದ್ರೆ ಸಿಲಿಂಡರನ್ನ ತಲೆಕೆಳಗು ಮಾಡಿ ನೇರ ಗಣಿ ಬಾಯಿ ಮೇಲೇ ಕೂರಿಸಿಬಿಟ್ಟ, ವಾಟ್ ಎಂಜಿನ್ನಲ್ಲಿದ್ದ ಏತದ ಮರದಂಥ ತೊಲೇನೇ ಇಲ್ಲ, ನೋಡಿ ಇದು ವಾಟ್‌ದಲ್ಲ ನಂದು ಅಂದ. ಕೋರ್ಟು ಇದು ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು ಕಣಯ್ಯಾ ಅಂತ ತಡೆಯಾಜ್ಞೆ ಕೊಡ್ತು. (ಕೋರ್ಟು ಹೇಳಿದ್ದು ಈ ಮಾತಲ್ಲಲ್ಲ, ಅರ್ಥ ಇದೇ.)

ಬುಲ್ ಜೊತೆ ಸೇರಿಕೊಂಡು ವಾಟ್ ಮೇಲೆ ಕತ್ತಿ ಮಸೀತಿದ್ದ ಹುಡುಗ ಒಬ್ಬನಿದ್ದ, ರಿಚರ್ಡ್ ಟ್ರೆವಿಥಿಕ್, 1771ರಲ್ಲಿ ಹುಟ್ಟಿದವನು. ಆರಡಿ ಮೇಲೆ ಎರಡಿಂಚು, ಜಟ್ಟಿ, ಶಾಲೇಲಿ ಮೇಷ್ಟ್ರಿಗೆ ತಲೆನೋವು. 1797ರಲ್ಲಿ ಜಾನ್ ಹಾರ್ವಿ ಮಗಳು ಜೇನ್‌ಳನ್ನ ಮದುವೆಯಾಗಿ ಹಾರ್ವಿ ಮನೆ ಅಳಿಯ ಆದ. ಇಲ್ಲಿಂದ ನಮ್ಮ ಕಥೇಲಿ ಮೂರು ಜನ ಆದ್ರು: ಮಾವ ಜಾನ್, ಅಳಿಯ ಟ್ರೆವಿಥಿಕ್, ಬಾಮೈದ ಹೆನ್ರಿ. ಹೆನ್ರಿ ಜೇನ್‌ಳ ತಮ್ಮ, 1775ರಲ್ಲಿ ಹುಟ್ಟಿದ್ದು. ಪುಸ್ತಕಗಳಲ್ಲೆಲ್ಲ ಅಳಿಯನ ಹೆಸರೇ ದಪ್ಪಕ್ಷರ, ನನಗೆ ಮಾತ್ರ ವರ್ಷಗಳಿಂದ ಆಸಕ್ತಿ ಇರೋದು ಬಾಮೈದನ ಮೇಲೆ.

ಅಳಿಯನ ತಲೆ ಅಸಾಧಾರಣ, ಅದರಲ್ಲಿ ಎರಡು ಮಾತಿಲ್ಲ. ವಾಟ್ ಜನ್ಮಪೂರ್ತಿ ಹೆದರಿದ್ದು ಹೈ ಪ್ರೆಶರ್ ಸ್ಟೀಮಿಗೆ, ಬಾಯ್ಲರ್ ಸಿಡಿಯತ್ತೆ ಅಂತ. ಟ್ರೆವಿಥಿಕ್ ಅದನ್ನೇ ಹಿಡಕೊಂಡ. 1801ರ ಕ್ರಿಸ್ಮಸ್ ಹಿಂದಿನ ಸಂಜೆ ಕ್ಯಾಂಬೋರ್ನ್ ಅನ್ನೋ ಊರಲ್ಲಿ ಮಳೆಯಲ್ಲಿ ಕುದುರೆ ಇಲ್ಲದ ಗಾಡಿ ಮೇಲೆ ಜನಾನ ಹತ್ತಿಸ್ಕೊಂಡು ಗುಡ್ಡ ಏರಿಸಿದ. ಆ ಗಾಡಿಯ ಕೆಲವು ಭಾಗ ಎರಕ ಹೊಯ್ದಿದ್ದು ಮಾವನ ಫೌಂಡ್ರೀಲೇ. ಮೂರ್ನಾಲ್ಕು ದಿನ ಬಿಟ್ಟು ಅದೇ ಗಾಡಿ ದಾರೀಲಿ ಕೆಟ್ಟು ನಿಂತಿತು, ಒಂದು ಶೆಡ್ಡಿಗೆ ತಳ್ಳಿ ಎಲ್ಲರೂ ಪಕ್ಕದ ಹೋಟೆಲಿಗೆ ಹೋಗಿ ಬಾತುಕೋಳಿ ಥರದ್ದೇನೋ ಹುರಿದದ್ದು ತಿಂದು ಕುಡಿದು ಕೂತ್ರು, ಬೆಂಕಿ ಆರಿಸೋದು ಮರೆತುಬಿಟ್ಟಿದ್ರು. ಬಾಯ್ಲರ್ ನೀರು ಆವಿಯಾಗಿ ಹೋಗಿ ಕಬ್ಬಿಣ ಕೆಂಪಗೆ ಕಾದು ಶೆಡ್ಡು ಸಮೇತ ಸುಟ್ಟುಹೋಯ್ತು. ಈ ಮನುಷ್ಯನ ಇಡೀ ಬದುಕು ಈ ಒಂದು ಸಂಜೇಲಿ ಇದೆ ಅಂತ ನನಗನಿಸತ್ತೆ, ಗುಡ್ಡ ಹತ್ತಿಸೋದು ಗೊತ್ತು, ಬೆಂಕಿ ಆರಿಸೋದು ನೆನಪಿರಲ್ಲ.

1816ರಲ್ಲಿ ಪೆರು ದೇಶದ ಬೆಳ್ಳಿ ಗಣಿಗಳಲ್ಲಿ ತನ್ನ ಎಂಜಿನ್ ಕೂರಿಸ್ತೀನಿ ಅಂತ ಹಡಗು ಹತ್ತಿದ. ಹೆಂಡತಿ, ಆರು ಮಕ್ಕಳು ಇಲ್ಲೇ. ಬಂದಿದ್ದು ಯಾವಾಗ ಅಂದ್ರೆ ಹನ್ನೊಂದು ವರ್ಷ ಆದ ಮೇಲೆ, 1827ರಲ್ಲಿ. ಅಲ್ಲಿ ಸ್ವಾತಂತ್ರ್ಯ ಯುದ್ಧ, ಎಲ್ಲಾ ಹಾಳಾಗಿ, ಕಾಡು ಮೇಡು ಅಲೆದು, ಊರಿಗೆ ಬರೋಕೂ ಕಾಸಿಲ್ಲದೆ ಕೊಲಂಬಿಯಾದ ಬಂದರು ಕಾರ್ಟಹೇನದಲ್ಲಿ ಸಿಕ್ಕಿದ ರಾಬರ್ಟ್ ಸ್ಟೀಫನ್‌ಸನ್ ಅನ್ನೋ ರೈಲ್ ಎಂಜಿನಿಯರ್ ಕೈಯಲ್ಲಿ 50 ಪೌಂಡ್ ಇಸ್ಕೊಂಡು ಬಂದ. ಕೈಯಲ್ಲಿ ಒಂದು ಚಿನ್ನದ ವಾಚು, ಒಂದು ಜೊತೆ ಬೆಳ್ಳಿ ಸ್ಪರ್, ದಿಕ್ಸೂಚಿ, ಡ್ರಾಯಿಂಗ್ ಕಂಪಾಸು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಮ್ಮಜ್ಜಿ ಇಂಥವರಿಗೇ ಹೇಳ್ತಿದ್ದಿದ್ದು.

ಆ ಹನ್ನೊಂದು ವರ್ಷ ಅಕ್ಕನ ಮನೆ ನೋಡಿಕೊಂಡಿದ್ದು ಯಾರು? ಹೆನ್ರಿ. ಹೇಲ್‌ನಲ್ಲಿ ವೈಟ್ ಹಾರ್ಟ್ ಅಂತ ಒಂದು ಇನ್, ಅಂದ್ರೆ ಉಳ್ಕೊಳೋ ಹೋಟೆಲ್, ಕಟ್ಟಿಸಿ ಅಕ್ಕಂಗೆ ನಡೆಸೋಕೆ ಕೊಟ್ಟ. ಸುಮ್ಮನೆ ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಕೂರಿಸಬಹುದಿತ್ತು, ಕಸುಬು ಕೊಟ್ಟ. ಜೇನ್ ಅದನ್ನ ನಡೆಸಿದಳು, ಮಕ್ಕಳನ್ನ ಬೆಳೆಸಿದಳು, ಅವರಲ್ಲಿ ಫ್ರಾನ್ಸಿಸ್ ಅನ್ನೋನು ಮುಂದೆ ದೊಡ್ಡ ರೈಲ್ವೆ ಕಂಪನಿಯೊಂದರ ಲೋಕೋಮೋಟಿವ್ ಸೂಪರಿಂಟೆಂಡೆಂಟ್ ಆದ. ಗಂಡ 1833ರಲ್ಲಿ ಡಾರ್ಟ್‌ಫರ್ಡ್ ಅನ್ನೋ ಊರಿನ ಇನ್ ಒಂದರಲ್ಲಿ ಬರಿಗೈಯಲ್ಲಿ ಸತ್ತ, ಹೆಣ ಎತ್ತೋಕೆ ಅಲ್ಲಿನ ಕಾರ್ಖಾನೆ ಕೆಲಸಗಾರರೇ ದುಡ್ಡು ಹಾಕ್ಕೊಂಡ್ರು. ಜೇನ್ ಅವನಾದ ಮೇಲೂ ಮೂವತ್ತೈದು ವರ್ಷ ಬದುಕಿ 1868ರಲ್ಲಿ ತೀರಿಕೊಂಡಳು.

ಇನ್ನು ಫರ್ಮಿನ ವಿಷಯ. ಜಾನ್ ಹಾರ್ವಿ 1803ರಲ್ಲಿ ಸತ್ತ ಮೇಲೆ ಹೆನ್ರಿದೇ ಯಜಮಾನಿಕೆ. ಇವನು ಏನನ್ನೂ ಕಂಡುಹಿಡಿಯಲಿಲ್ಲ. ಇವನಿಗೆ ಗೊತ್ತಿದ್ದಿದ್ದು ಹಡಗು ಖಾಲಿ ಬರಬಾರದು ಅನ್ನೋದು. ವೇಲ್ಸ್‌ನಿಂದ ಕಲ್ಲಿದ್ದಲು ತರೋ ಹಡಗು ವಾಪಸ್ ಹೋಗ್ತಾ ತಾಮ್ರದ ಅದಿರು ಹೊತ್ಕೊಂಡು ಸ್ವಾನ್ಸಿಗೆ ಹೋಗತ್ತೆ. ಎಂಜಿನ್ ಆರ್ಡರ್ ಇಲ್ಲದ ವರ್ಷ ಕಲ್ಲಿದ್ದಲು ಮಾರಿದ, ಮರ ಮಾರಿದ, ಗಣಿಗೆ ಬೇಕಾದ ಸಾಮಾನು ಮಾರಿದ, ಹಡಗೂ ಕಟ್ಟಿದ. ನಮ್ಮೂರ ಕಡೆ ರೈಸ್ ಮಿಲ್ ಇಟ್ಟವರು ಗೊಬ್ಬರದ ಅಂಗಡೀನೂ ಇಟ್ಟಿರ್ತಾರಲ್ಲ, ಅದೇ ಬುದ್ಧಿ. ತನಗೆ ಬರದೇ ಇರೋ ವಿದ್ಯೆಗೆ ಬಲ್ಲವರನ್ನ ಕರ್ಕೊಂಡು ಬಂದ. ಆರ್ಥರ್ ವೂಲ್ಫ್ ಅಂತ ಒಬ್ಬ ಎಂಜಿನಿಯರ್, ಲಂಡನ್‌ನಲ್ಲಿ ಪಳಗಿದವನು, ಕೆಲಸದಲ್ಲಿ ಕೂದಲೆಳೆ ತಪ್ಪಿದ್ರೂ ಬೈಯೋನು, ಅವನನ್ನ ಫೌಂಡ್ರಿ ಸೂಪರಿಂಟೆಂಡೆಂಟ್ ಮಾಡಿಕೊಂಡ. ಪೈಪು ಎರಕ ಹೊಯ್ಯೋ ಕೈಗಳು ನೀಟಾದ ವಾಲ್ವು ಸಿಲಿಂಡರ್ ಮಾಡೋ ಕೈಗಳಾಗಿದ್ದು ವೂಲ್ಫ್ ಕಾಲದಲ್ಲಿ.

ಇಲ್ಲಿ ಒಂದು ಕಡೆ ಎಲ್ಲರೂ ಎದ್ದು ಕೂತ್ರು. ವಾಟ್ ಪೇಟೆಂಟ್ ಮುಗಿದ ಮೇಲೆ ಬರ್ಮಿಂಗ್‌ಹ್ಯಾಮಿನವರು, ಅಂದ್ರೆ ಬೋಲ್ಟನ್ ವಾಟ್ ಕಂಪನಿಯೋರು, ಕಾರ್ನ್‌ವಾಲ್ ಬಿಟ್ಟು ಹೋದ್ರು, ಎಂಜಿನ್‌ಗಳು ನೋಡೋರಿಲ್ಲದೆ ಹದಗೆಟ್ಟವು. ಆಗ ಗಣಿ ಮಾಲೀಕರು ಸೇರಿ ಜೋಯಲ್ ಲೀನ್ ಅನ್ನೋನಿಗೆ ಹೇಳಿದ್ರು, ನೀನು ಪ್ರತಿ ಎಂಜಿನ್‌ಗೂ ಹೋಗಿ ಅಳೆದು ತಿಂಗಳು ತಿಂಗಳು ಪ್ರಿಂಟ್ ಮಾಡಿ ಹಂಚು ಅಂತ. 1811ರಿಂದ ಶುರು. ಅಳತೆ ಏನು ಅಂದ್ರೆ ಒಂದು ಬುಷಲ್ ಕಲ್ಲಿದ್ದಲಿಗೆ, ಅಂದ್ರೆ 94 ಪೌಂಡು, ನಮ್ಮ ಲೆಕ್ಕದಲ್ಲಿ ನಲವತ್ತೆರಡು ಕೆಜಿ ಚಿಲ್ಲರೆ, ಅಷ್ಟಕ್ಕೆ ಎಷ್ಟು ಪೌಂಡ್ ನೀರನ್ನ ಒಂದಡಿ ಮೇಲೆತ್ತಿದೆ. ಇದಕ್ಕೆ ಡ್ಯೂಟಿ ಅಂತ ಹೆಸರು. ನಾವು ಬೈಕ್ ನೋಡಿದ ತಕ್ಷಣ ಎಷ್ಟು ಕೊಡತ್ತೆ ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆ, ಅದನ್ನ ಊರೂರಿಗೆ ಅಚ್ಚು ಹಾಕಿ ಹಂಚಿದ್ರು. ಯಾರ ಎಂಜಿನ್, ಯಾವ ಗಣಿ, ಎಷ್ಟು ಕೊಟ್ಟಿದೆ, ಎಲ್ಲಾ ಬಹಿರಂಗ. ಮೊದಲ ವರ್ಷ ಸರಾಸರಿ 1.7 ಕೋಟಿ ಪೌಂಡ್ ಆಸುಪಾಸು, ಮೂವತ್ತು ವರ್ಷದಲ್ಲಿ ಅದು ಮೂರು ಪಟ್ಟು ಹತ್ತಿರ ಬಂತು, ಪರೀಕ್ಷೆಗೆ ಅಂತಾನೇ ಓಡಿಸಿದ ಒಂದೆರಡು ಎಂಜಿನ್ 10 ಕೋಟಿ ದಾಟಿದವು. ಪೇಟೆಂಟ್ ಇಟ್ಟುಕೊಂಡು ಕಾವಲು ಕೂತಿದ್ದಾಗ ಆಗದ್ದು ಗುಟ್ಟು ಬಿಟ್ಟುಕೊಟ್ಟ ಮೇಲೆ ಆಯ್ತು. ಸಾಫ್ಟ್‌ವೇರ್ ಹುಡುಗರೊಬ್ಬರು ಓಪನ್ ಸೋರ್ಸ್ ಅಂದ್ರು ಹಿಂದಿನಿಂದ, ಸರಿ ಅಂದೆ.

ಎಂಜಿನ್ ಹೇಗೆ ಕೆಲಸ ಮಾಡ್ತಿತ್ತು? ಮತ್ತೆ ಏತಕ್ಕೆ ಬನ್ನಿ. ಮೂರಂತಸ್ತಿನ ಕಲ್ಲು ಕಟ್ಟಡ, ಅದರ ಮುಂದಿನ ಗೋಡೆ ಮೇಲೆ ಕೂತಿರೋ ಭಾರಿ ಎರಕದ ಕಬ್ಬಿಣದ ತೊಲೆ, ಅರ್ಧ ಒಳಗೆ ಅರ್ಧ ಹೊರಗೆ. ಒಳಗಿನ ತುದೀಲಿ ಪಿಸ್ಟನ್, ಹೊರಗಿನ ತುದಿಯಿಂದ ಗಣಿ ಒಳಗೆ ನೂರಾರು ಅಡಿ ಇಳಿಬಿದ್ದಿರೋ ಮರದ ತೊಲೆಗಳ ಜೋಡಣೆ. ಪಿಸ್ಟನ್ ಮೇಲೆ ಸ್ಟೀಮ್ ಬಿಡ್ತಾರೆ, ಕೆಳಗಡೆ ಸ್ಟೀಮನ್ನ ತಣ್ಣಗೆ ಮಾಡಿ ನೀರಾಗಿಸೋ ಕಂಡೆನ್ಸರ್ ಇರೋದರಿಂದ ಬರೀ ನಿರ್ವಾತ, ಪಿಸ್ಟನ್ ಕೆಳಗೆ ಬರತ್ತೆ, ಹೊರಗಿನ ಮರದ ಸರ ಮೇಲೇಳತ್ತೆ. ಪಿಸ್ಟನ್ ಅರ್ಧ ದಾರಿ ಬರೋದಕ್ಕೂ ಮುಂಚೆ ಸ್ಟೀಮ್ ನಿಲ್ಲಿಸಿಬಿಡ್ತಾರೆ, ಒಳಗಿರೋದೇ ಹಿಗ್ಗಿ ಉಳಿದ ದಾರಿ ತಳ್ಳತ್ತೆ, ಕಲ್ಲಿದ್ದಲು ಉಳಿಯೋದು ಇಲ್ಲೇ. ಆಮೇಲೆ ಒಂದು ವಾಲ್ವ್ ತೆಗೆದ್ರೆ ಮೇಲಿನ ಸ್ಟೀಮ್ ಪಿಸ್ಟನ್ ಕೆಳಗೂ ಹೋಗಿ ಎರಡೂ ಕಡೆ ಸಮ ಆಗತ್ತೆ, ಆಗ ಹೊರಗಿನ ಮರದ ಸರ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿದು ಕೆಳಗಿನ ನೀರನ್ನ ಒತ್ತಿ ಮೇಲಕ್ಕೆ ಕಳಿಸತ್ತೆ. ಅಂದ್ರೆ ಸ್ಟೀಮ್ ಎತ್ತೋದು ನೀರನ್ನಲ್ಲ, ಭಾರವನ್ನ. ನೀರೆತ್ತೋದು ಭಾರ. ಏತದ ಮೇಲೆ ನಡೆಯೋ ಮನುಷ್ಯ ಏನು ಮಾಡ್ತಿದ್ದ? ಮೇಲೆ ಹತ್ತಿ ತನ್ನ ತೂಕಾನ ಆ ಕಡೆ ಈ ಕಡೆ ಇಡ್ತಿದ್ದ, ಅಷ್ಟೇ ತಾನೇ.

ಹೇಲ್‌ನಲ್ಲಿ ಹಾರ್ವಿಗಳಿಗೆ ಒಬ್ಬ ದಾಯಾದಿ ಇದ್ದ, ರಕ್ತಸಂಬಂಧದ ದಾಯಾದಿ ಅಲ್ಲ, ಕಸುಬಿನ ದಾಯಾದಿ. ಅದೇ ಕೊಲ್ಲಿಯ ಇನ್ನೊಂದು ತುದೀಲಿ ಕಾರ್ನಿಷ್ ಕಾಪರ್ ಕಂಪನಿ, ತಾಮ್ರ ಕರಗಿಸೋರು, 1750ರ ದಶಕದಿಂದ ಅಲ್ಲಿದ್ದೋರು. 1819ರ ಹೊತ್ತಿಗೆ ತಾಮ್ರ ಕರಗಿಸೋದು ಬಿಟ್ಟು ಅವರೂ ಫೌಂಡ್ರಿ ಶುರು ಮಾಡಿದ್ರು, ಸ್ಯಾಂಡಿಸ್, ಕಾರ್ನ್ ಅಂಡ್ ವಿವಿಯನ್ ಅಂತ ಹೆಸರು. ಒಂದೇ ಬಂದರು, ಇಬ್ಬರು ಯಜಮಾನರು, ಕೇಳಬೇಕಾ? ನೀರಿಗೆ ಜಗಳ, ದಾರಿಗೆ ಜಗಳ, ಹಡಗು ಕಟ್ಟೋ ಜಾಗಕ್ಕೆ ಜಗಳ, ಕೋರ್ಟು ಕಚೇರಿ ಒಂದು ಕಡೆ, ಇವರ ಆಳು ಅವರ ಆಳು ಬಡಿದಾಡಿಕೊಳ್ಳೋದು ಇನ್ನೊಂದು ಕಡೆ.

ಜಗಳಕ್ಕೆ ಮೂಲ ಮರಳು. ಹೇಲ್ ಬಂದರಿನ ಬಾಯಿಗೆ ಸಮುದ್ರ ದಿನಾ ಮರಳು ತಂದು ಸುರಿಯೋದು. ಅದನ್ನ ತೆಗೆಯೋಕೆ ತಾಮ್ರದವರು ಒಂದು ಉಪಾಯ ಮಾಡಿದ್ರು, ಉಬ್ಬರ ಬಂದಾಗ ಸಮುದ್ರದ ನೀರನ್ನ ದೊಡ್ಡ ಕಟ್ಟೆಯೊಳಗೆ ತುಂಬಿಸ್ಕೊಂಡು ತೂಬು ಹಾಕೋದು, ಇಳಿತ ಆದಾಗ ತೂಬು ಎತ್ತಿದ್ರೆ ಒಂದೇ ಸಲಕ್ಕೆ ನೀರು ನುಗ್ಗಿ ಕಾಲುವೆ ಮರಳನ್ನೆಲ್ಲ ಸಮುದ್ರಕ್ಕೆ ಕೊಚ್ಕೊಂಡು ಹೋಗತ್ತೆ. ಹೆನ್ರಿ ನೋಡಿದ, ತನ್ನ ಕಡೆಗೂ ಅಂಥದೇ ಒಂದು ಕಟ್ಟೆ ಕಟ್ಟಿಸಿದ, ಕಾರ್ನ್ಸೂ ಪೂಲ್ ಅಂತ ಅದರ ಹೆಸರು, ಇವತ್ತಿಗೂ ಇದೆ. ಸ್ಟೀಮ್ ಎಂಜಿನ್ ಮಾಡಿ ಬದುಕೋ ಊರು ತನ್ನ ಬಂದರನ್ನ ಮಾತ್ರ ಚಂದ್ರನ ಕೈಲಿ ಗುಡಿಸಿಸ್ತಿತ್ತು.

ಹಾರ್ವಿ ಹೆಸರು ಸಮುದ್ರ ದಾಟಿದ್ದು ಹಾಲೆಂಡಿನ ಕೆಲಸದಿಂದ. ಆಮ್‌ಸ್ಟರ್‌ಡ್ಯಾಮ್ ಪಕ್ಕ ಹಾರ್ಲೆಮರ್‌ಮೇರ್ ಅಂತ ಒಂದು ಕೆರೆ, ಕೆರೆ ಅನ್ನೋದು ಕಡಿಮೆ ಆಯ್ತು, ಹದಿನೆಂಟು ಸಾವಿರ ಹೆಕ್ಟೇರ್. 1836ರ ಬಿರುಗಾಳಿಗೆ ಅದರ ನೀರು ಒಂದು ಸಲ ಆಮ್‌ಸ್ಟರ್‌ಡ್ಯಾಮ್ ಕಡೆ, ಒಂದು ಸಲ ಲೈಡನ್ ಕಡೆ ನುಗ್ಗಿತು. ಸಾಕಪ್ಪಾ ಅಂತ ಡಚ್ಚರು ಒಣಗಿಸೋಕೆ ಹೊರಟರು. ಗಾಳಿಯಂತ್ರ ಬಿಟ್ಟು ಮೂರು ಸ್ಟೀಮ್ ಎಂಜಿನ್ ಹಾಕಿದ್ರು, ಅದರಲ್ಲಿ ಒಂದಾದ ಕ್ರೂಕಿಯಸ್ ಎಂಜಿನ್‌ನ ಸಿಲಿಂಡರ್ ಹೇಲ್‌ನಲ್ಲಿ ಎರಕ ಆಗಿದ್ದು. ಅಡ್ಡಳತೆ 144 ಇಂಚು. ಹನ್ನೆರಡು ಅಡಿ! ಒಳಗೆ 84 ಇಂಚಿಂದು ಇನ್ನೊಂದು.

ಹನ್ನೆರಡಡಿ ಅಗಲದ ಕಬ್ಬಿಣದ ಉರುಳೆ ಎರಕ ಹೊಯ್ಯೋದು ಅಂದ್ರೆ ಏನು ಅಂತ ಸ್ವಲ್ಪ ನಿಧಾನಕ್ಕೆ ಹೇಳಿದೆ, ಯಾಕಂದ್ರೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಫೌಂಡ್ರಿ ಶಾಪಲ್ಲಿ ಕಳೆದವನು. ನೆಲದಲ್ಲಿ ಗುಂಡಿ ತೆಗೀತಾರೆ. ಅದರೊಳಗೆ ಇಟ್ಟಿಗೆಯಲ್ಲಿ ಒಂದು ಗುಂಡನೆ ಗೋಪುರ ಕಟ್ಟಿ, ಅದರ ಮೈಗೆ ಜೇಡಿ, ಮರಳು, ಕುದುರೆ ಲದ್ದಿ, ಹುಲ್ಲು ಕಲಸಿದ ಮಣ್ಣು ಮೆತ್ತಿ, ನಡುವೆ ನೆಟ್ಟ ಒಂದು ಗೂಟಕ್ಕೆ ಹಲಗೆ ಕಟ್ಟಿ ಸುತ್ತ ತಿರುಗಿಸಿ ನುಣ್ಣಗೆ ಹೊಡೀತಾರೆ, ಕುಂಬಾರನ ತಿಗರಿ ಉಲ್ಟಾ ಅನ್ಕೊಳಿ, ಇಲ್ಲಿ ಮಣ್ಣು ನಿಂತಿರತ್ತೆ, ಕೈ ಸುತ್ತತ್ತೆ. ಲದ್ದಿ ಯಾಕೆ? ಅಚ್ಚು ಒಣಗಿಸುವಾಗ ಅದು ಸುಟ್ಟು ಸಣ್ಣ ಸಣ್ಣ ತೂತು ಬಿಡತ್ತೆ, ಎರಕ ಹೊಯ್ದಾಗ ಗ್ಯಾಸ್ ಹೋಗೋಕೆ ಅದೇ ದಾರಿ, ಇಲ್ಲದಿದ್ರೆ ಎರಕದ ಮೈಯೆಲ್ಲ ಗುಳ್ಳೆ. ಹೊರಗೋಡೆ ಹಾಗೇ ಇನ್ನೊಂದು. ಎರಡರ ಮಧ್ಯೆ ಉಳಿದ ಸಂದಿಗೆ ಕರಗಿದ ಕಬ್ಬಿಣ ಒಂದೇ ಉಸಿರಿಗೆ ಹೊಯ್ಯಬೇಕು, ಮಧ್ಯೆ ನಿಲ್ಲಿಸಿದ್ರೆ ಎರಡು ಪದರ ಕೂಡಲ್ಲ, ಅಷ್ಟೂ ಹಾಳು. ಆಮೇಲೆ ದಿನಗಟ್ಟಲೆ ಮುಟ್ಟಬಾರದು, ತಾನೇ ಆರಬೇಕು, ಆತುರ ಪಟ್ಟರೆ ಸೀಳತ್ತೆ. ನಮ್ಮ ಶಾಪಲ್ಲಿ ಒಬ್ಬ ಹಳೇ ಮೌಲ್ಡರ್ ಇದ್ರು, ಎರಕ ಹೊಯ್ಯೋ ದಿನ ಬೆಳಗ್ಗಿಂದ ಯಾರ ಜೊತೆಗೂ ಮಾತಾಡ್ತಿರಲಿಲ್ಲ, ಬರೀ ಕೈಸನ್ನೆ. ನಾವು ಹೊಯ್ತಿದ್ದಿದ್ದು ಮೊಣಕಾಲೆತ್ತರದ ಪಂಪ್ ಬಾಡಿ ಅಷ್ಟೇ. ಹೇಲ್‌ನಲ್ಲಿ ಆ ದಿನ ಹೇಗಿದ್ದಿರಬೇಕು ಅಂತ ನನಗೆ ಆಗಾಗ ಅನಿಸತ್ತೆ.

ಕ್ರೂಕಿಯಸ್ ಎಂಜಿನ್‌ಗೆ ಒಂದಲ್ಲ, ಸುತ್ತಲೂ ಎಂಟು ಏತ, ಎಂಟು ಪಂಪು. ಒಂದು ಸಲ ಏರಿ ಇಳಿದ್ರೆ ಸುಮಾರು 64 ಸಾವಿರ ಲೀಟರ್, ಅಂದ್ರೆ ನಮ್ಮ ಬೀದಿಗೆ ಬೇಸಿಗೇಲಿ ಬರೋ ವಾಟರ್ ಟ್ಯಾಂಕರ್ ಹತ್ತು, ಒಂದೇ ಉಸಿರಿಗೆ. 1849ರಲ್ಲಿ ಶುರುವಾಗಿ 1852ಕ್ಕೆ ಕೆರೆ ತಳ ಕಂಡಿತು. ಕ್ರೂಕಿಯಸ್ 1933ರವರೆಗೂ ದುಡೀತು, ಈಗ ಮ್ಯೂಸಿಯಂ. ಆ ಕೆರೆ ತಳದಲ್ಲಿ ಈಗ ಏನಿದೆ ಗೊತ್ತಾ? ಸ್ಕಿಪೋಲ್ ಏರ್‌ಪೋರ್ಟ್. ಬೆಂಗಳೂರಿಂದ ಆಮ್‌ಸ್ಟರ್‌ಡ್ಯಾಮ್ ಮೇಲೆ ಅಮೆರಿಕಕ್ಕೆ ಹೋಗೋ ನಿಮ್ಮ ಮಕ್ಕಳು ಮೊಮ್ಮಕ್ಕಳು ಇಳಿದು ಕಾಫಿ ಕುಡಿಯೋ ಜಾಗ ಸಮುದ್ರಮಟ್ಟಕ್ಕಿಂತ ಮೂರ್ನಾಲ್ಕು ಮೀಟರ್ ಕೆಳಗಿರೋ ಕೆರೆ ಅಂಗಳ. ನಮ್ಮಲ್ಲೂ ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದೀವಲ್ಲ ಅಂತ ಒಬ್ಬರು ಅಂದ್ರು. ವ್ಯತ್ಯಾಸ ಏನಂದ್ರೆ ಅವರು ಇವತ್ತಿಗೂ ದಿನಾ ನೀರು ಎತ್ತಿ ಹೊರಗೆ ಹಾಕ್ತಾ ಇದಾರೆ, ನಾವು ಮಳೆ ಬಂದಾಗ ಕೆರೆ ನೆನಪು ಮಾಡ್ಕೋತೀವಿ.

1850ರಲ್ಲಿ ಹೆನ್ರಿ ತೀರಿಕೊಂಡ, ಫರ್ಮು ಒಡಹುಟ್ಟಿದವರ ಮಕ್ಕಳ ಕೈಗೆ ಬಂತು. ಅರ್ಧ ಅಳಿಯಸಂತಾನ ಅಂತ ಮಂಗಳೂರಿನವರೊಬ್ಬರು ನಕ್ಕರು. ಆಮೇಲಿನ ವರ್ಷಗಳದ್ದು ಬೇಗ ಹೇಳಿ ಮುಗಿಸಿದೆ, ಗಣಿಗಿಂತ ಊರುಗಳ ಕುಡಿಯೋ ನೀರಿನ ಕೆಲಸ ಜಾಸ್ತಿ ಆಯ್ತು, ಲಂಡನ್ ವಾಟರ್‌ವರ್ಕ್ಸ್‌ಗಳು ಕಾರ್ನ್‌ವಾಲ್ ಮೈಲೇಜ್ ಕೇಳಿ ಮೊದಲು ನಂಬಲಿಲ್ಲ, ಆಮೇಲೆ ಸಾಲಾಗಿ ಆರ್ಡರ್ ಕೊಟ್ಟವು.

ಅಂಥ ಒಂದನ್ನ ನಾನು ಕಣ್ಣಾರೆ ನೋಡಿದೀನಿ. ಕೆಲವು ವರ್ಷದ ಹಿಂದೆ ಮಗಳ ಮನೆಗೆ ಹೋದಾಗ ಲಂಡನ್ ಪಶ್ಚಿಮದಲ್ಲಿರೋ ಕ್ಯೂ ಬ್ರಿಡ್ಜ್ ಪಂಪಿಂಗ್ ಸ್ಟೇಷನ್‌ಗೆ ಹೋಗಿದ್ದೆ, ಈಗ ಅದು ನೀರು ಮತ್ತು ಸ್ಟೀಮ್ ಮ್ಯೂಸಿಯಂ. ಒಂದೇ ಕಟ್ಟಡದಲ್ಲಿ ಪಕ್ಕಪಕ್ಕ ಎರಡು ದೈತ್ಯ. ಒಂದು 90 ಇಂಚಿಂದು, 1846ರದ್ದು. ಇನ್ನೊಂದು 100 ಇಂಚಿಂದು, 1869ರದ್ದು. ನೂರಿಂಚಿನದು ಹಾರ್ವಿ. ತೊಂಬತ್ತಿಂಚಿನದು ಯಾರದ್ದು? ಅದೇ ಸ್ಯಾಂಡಿಸ್, ಕಾರ್ನ್ ಅಂಡ್ ವಿವಿಯನ್‌ದು! ಊರಲ್ಲಿ ಒಂದು ಕಾಲುವೆಗಾಗಿ ಹೊಡೆದಾಡಿದವರು ಇಲ್ಲಿ ಒಂದೇ ಸೂರಿನಡಿ ಭುಜಕ್ಕೆ ಭುಜ ತಾಗಿಸಿ ನಿಂತಿದಾರೆ. ಚಿಕ್ಕದು ಒಂದು ಸಲಕ್ಕೆ 2,100 ಲೀಟರ್ ಚಿಲ್ಲರೆ ತಳ್ಳೋದು, ಹಾರ್ವಿದು 3,200 ಚಿಲ್ಲರೆ.

ಅವತ್ತು ತೊಂಬತ್ತಿಂಚಿನದನ್ನ ಓಡಿಸಿದ್ರು. ಬೂದು ಕೂದಲಿನ ವಾಲಂಟಿಯರ್ ಒಬ್ಬರು ಹೊಳೆಯೋ ಹಿಡಿಗಳ ಮುಂದೆ ನಿಂತು ಒಂದೊಂದನ್ನೇ ಕೈಯಲ್ಲಿ ಎತ್ತಿ ಇಳಿಸಿ ಮೊದಲ ನಾಲ್ಕೈದು ಸಲ ನಡೆಸಿದ್ರು, ಆಮೇಲೆ ಎಂಜಿನ್ ತಾನೇ ತನ್ನ ಹಿಡಿಗಳನ್ನ ಎತ್ತಿಕೊಳ್ಳೋಕೆ ಶುರು ಮಾಡ್ತು. ಶಬ್ದ ಇರತ್ತೆ ಅಂತ ಕಿವಿ ಮುಚ್ಚಿಕೊಳ್ಳೋಕೆ ರೆಡಿಯಾಗಿದ್ದೆ. ಶಬ್ದಾನೇ ಇಲ್ಲ. ದೊಡ್ಡವರು ನಿದ್ದೇಲಿ ಉಸಿರು ಎಳೆದ ಹಾಗೆ ಒಂದು ಸುಯ್ಯನೆ, ಪಿಸ್ಟನ್ ಇಳೀತು, ನೆಲ ಒಂಚೂರು ನಡುಗಿದ ಹಾಗೆ. ಆಮೇಲೆ ಎಲ್ಲಾ ನಿಂತುಹೋಯ್ತು. ಪೂರ್ತಿ ನಿಶ್ಶಬ್ದ. ಕೆಟ್ಟೋಯ್ತೇನೋ ಅಂದ್ಕೊಂಡೆ. ಮೆಟ್ಟಿಲ ಹತ್ರ ಇದ್ದ ಒಂದು ಮಗು ಅಮ್ಮನ ಕಡೆ ತಿರುಗಿತು. ಆಗ ನಿಧಾನಕ್ಕೆ ತಲೆ ಮೇಲಿನ ತೊಲೆ ಆ ಕಡೆ ವಾಲ್ತು, ಭಾರ ಇಳೀತಾ ಇತ್ತು. ಆ ನಿಲ್ಲೋದು ಇದೆಯಲ್ಲ, ಅದಕ್ಕೆ ಒಂದು ಪುಟ್ಟ ನೀರಿನ ಡಬ್ಬಿ ಕಾರಣ, ಕ್ಯಾಟರಾಕ್ಟ್ ಅಂತಾರೆ, ಕಣ್ಣಿನ ಪೊರೆ ಅಲ್ಲ. ಸಣ್ಣ ತೂತಿಂದ ನೀರು ಸೋರಿ ಮುಗಿದಾಗ ಮುಂದಿನ ವಾಲ್ವ್ ಬಿಚ್ಚಿಕೊಳ್ಳತ್ತೆ. ತೂತು ದೊಡ್ಡದು ಮಾಡಿದ್ರೆ ಎಂಜಿನ್ ಬೇಗ ಬೇಗ, ಚಿಕ್ಕದು ಮಾಡಿದ್ರೆ ನಿಮಿಷಕ್ಕೆ ಒಂದೇ ಸಲ ಬೇಕಾದ್ರೂ ಆಡತ್ತೆ. ಗಣೀಲಿ ನೀರು ಎಷ್ಟು ಬರತ್ತೋ ಅಷ್ಟೇ ಓಡಿಸು, ಕಲ್ಲಿದ್ದಲು ದಂಡ ಮಾಡಬೇಡ.

ನಮ್ಮ ಕಡೆಗೆ ಇದರ ನಂಟು ಎಲ್ಲಿ ಅಂತ ಪ್ರಶ್ನೆ ಬಂದೇ ಬರತ್ತೆ ಅಂತ ಗೊತ್ತಿತ್ತು. ಇದೆ. ಹಾರ್ವಿ ಫೌಂಡ್ರಿ ಹುಟ್ಟಿದ ಅದೇ 1779ರಲ್ಲಿ ನಾರಿಚ್ ಅನ್ನೋ ಊರಲ್ಲಿ ಒಂದು ಗಂಡು ಮಗು ಹುಟ್ಟಿತು, ಜಾನ್ ಟೇಲರ್. ಈತ 1819ರಲ್ಲಿ ಕಾರ್ನ್‌ವಾಲ್‌ನ ಕನ್ಸಾಲಿಡೇಟೆಡ್ ಮೈನ್ಸ್ ಅನ್ನೋ ಮುಳುಗಿದ ತಾಮ್ರದ ಗಣಿಗಳನ್ನ ಹಿಡಿದು ನೀರು ಖಾಲಿ ಮಾಡಿ ಎಬ್ಬಿಸಿದ, ಅಲ್ಲಿ ದೊಡ್ಡ ಎಂಜಿನ್ ಕೂರಿಸಿಕೊಟ್ಟವನು ನಮ್ಮ ಅದೇ ವೂಲ್ಫ್. ಟೇಲರ್‌ದೂ ಮನೆತನದ ಫರ್ಮೇ, ಜಾನ್ ಟೇಲರ್ ಅಂಡ್ ಸನ್ಸ್. ಆ ಹೆಸರು ಕೇಳಿದ ತಕ್ಷಣ ಮೂರನೇ ಸಾಲಲ್ಲಿ ಕೂತಿದ್ದ ಒಬ್ಬ ಯಜಮಾನರು ನೆಟ್ಟಗಾದ್ರು, ಕೆಜಿಎಫ್‌ನೋರು. ಹೌದು, ಅದೇ ಟೇಲರ್. 1880ರಲ್ಲಿ ಕೋಲಾರದ ಮೈಸೂರ್ ಮೈನ್ ಆಡಳಿತ ಹಿಡಿದೋರು, 1883ರಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಕೈಯಲ್ಲಿ ಚಾಂಪಿಯನ್ ರೀಫ್ ಅನ್ನೋ ಚಿನ್ನದ ಅದಿರಿನ ಪಟ್ಟಿ ಸಿಗೋವರೆಗೂ ಬಿಡದೆ ತೋಡಿಸಿದೋರು. ಪ್ಲಮ್ಮರ್ ಮಿಲಿಟರಿ ಕ್ಯಾಪ್ಟನ್ ಅಲ್ಲ, ಗಣಿ ಯಜಮಾನನನ್ನ ಕ್ಯಾಪ್ಟನ್ ಅನ್ನೋದು ಕಾರ್ನ್‌ವಾಲ್ ರೂಢಿ, ಟ್ರೆವಿಥಿಕ್‌ನ ಅಪ್ಪಾನೂ ಗಣಿ ಕ್ಯಾಪ್ಟನ್ನೇ.

ಅಷ್ಟೊತ್ತಿಗೆ ಕಾರ್ನ್‌ವಾಲ್ ಕಥೆ ಇಳಿಮುಖ. 1866ರಲ್ಲಿ ತಾಮ್ರದ ಬೆಲೆ ಬಿದ್ದುಹೋಯ್ತು, ಬೇರೆ ದೇಶಗಳಲ್ಲಿ ಅಗ್ಗಕ್ಕೆ ಸಿಗ್ತಿತ್ತು, ಗಣಿಗಳು ಒಂದೊಂದೇ ಮುಚ್ಚಿದವು, ಗಣಿ ಕೆಲಸ ಬಲ್ಲ ಜನ ಮೆಕ್ಸಿಕೋ, ಆಸ್ಟ್ರೇಲಿಯಾ, ಸೌತ್ ಆಫ್ರಿಕಾ, ನಮ್ಮ ಕೋಲಾರ ಅಂತ ಚದುರಿದ್ರು. ಅವರಿಗೆ ಕಸಿನ್ ಜಾಕ್ ಅಂತ ಅಡ್ಡಹೆಸರು, ಎಲ್ಲಿ ಕೆಲಸ ಖಾಲಿ ಇದ್ರೂ ಊರಲ್ಲಿ ನಮ್ಮ ದೊಡ್ಡಪ್ಪನ ಮಗ ಜಾಕ್ ಇದಾನೆ ಸಾರ್ ಕರೆಸ್ಲಾ ಅಂತಿದ್ರಂತೆ. ಕೆಜಿಎಫ್ ಯಜಮಾನರು ಜೋರಾಗಿ ನಕ್ಕು, ನಮ್ಮ ತಾತಾನೂ ಹಾಗೇ ಮಾಡ್ಕೊಂಡು ಅರ್ಧ ಊರನ್ನ ಮೈನ್ಸಿಗೆ ಸೇರಿಸಿದ್ರು ಅಂದ್ರು.

ಹಾರ್ವಿಗಳ ಕೊನೇ ದೊಡ್ಡ ಕೆಲಸ ಸೆವರ್ನ್ ಸುರಂಗ. ಇಂಗ್ಲೆಂಡ್ ವೇಲ್ಸ್ ನಡುವಿನ ಸೆವರ್ನ್ ನದಿ ಕೆಳಗೆ ರೈಲಿಗೆ ಸುರಂಗ ತೋಡ್ತಾ ಇದ್ದಾಗ 1879ರಲ್ಲಿ ಒಂದು ದೊಡ್ಡ ಒರತೆ ಒಡೆದು ಕೆಲಸ ಎಲ್ಲಾ ಮುಳುಗಿತು. ತಮಾಷೆ ಏನಂದ್ರೆ ಮೇಲೆ ಹರೀತಿದ್ದ ಉಪ್ಪು ನದಿ ಏನೂ ಮಾಡಲಿಲ್ಲ, ನೀರು ಬಂದಿದ್ದು ದಡದ ಕಡೆಯಿಂದ, ಸಿಹಿನೀರು. ಆ ಒರತೆ ಮುಚ್ಚೋಕೆ ಆಗಲ್ಲ, ಎತ್ತಿ ಹಾಕ್ತಾ ಇರಬೇಕು ಅಷ್ಟೇ, ದಿನಕ್ಕೆ ಐದು ಕೋಟಿ ಲೀಟರ್ ಅಂದಾಜು. ಅದಕ್ಕೆ ಸಡ್‌ಬ್ರೂಕ್ ಅನ್ನೋ ಕಡೆ 70 ಇಂಚಿನ ಆರು ಎಂಜಿನ್ ಹಾರ್ವಿಗಳು ಕೊಟ್ಟರು, 1886ರಲ್ಲಿ ಸುರಂಗ ತೆರೀತು. ಆ ಎಂಜಿನ್‌ಗಳು 1960ರ ದಶಕದ ಬಾಗಿಲವರೆಗೂ ಓಡಿದವು, ಆಮೇಲೆ ಕರೆಂಟಿನ ಪಂಪು ಬಂತು, ಎಂಜಿನ್‌ಗಳು ಗುಜರಿಗೆ.

ಅವು ಅಲ್ಲಿ ಓಡ್ತಾನೇ ಇದ್ದವು, ಅವನ್ನ ಮಾಡಿದ ಫೌಂಡ್ರಿ ಮಾತ್ರ ಸುಮಾರು ಅರವತ್ತು ವರ್ಷ ಮುಂಚೇನೇ ಬಾಗಿಲು ಹಾಕಿತ್ತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಕೊಟ್ಟರು, ಟೇಲರ್ ಕಂಪನಿಯೋರು ಇಲ್ಲಿ ಸ್ಟೀಮಿಗೆ ಕೈಮುಗಿದು ಕಳಿಸೋಕೆ ಶುರು ಮಾಡಿದ್ರು. ಮುಂದಿನ ವರ್ಷ, 1903ರಲ್ಲಿ, ಹೇಲ್‌ನಲ್ಲಿ ಹಾರ್ವಿ ಫೌಂಡ್ರಿ ನಿಂತಿತು. ನೂರಿಪ್ಪತ್ತನಾಲ್ಕು ವರ್ಷ. ಕೆಜಿಎಫ್‌ನಿಂದಾಗಿ ಅಲ್ಲ, ಎರಡೂ ಒಂದೇ ಗಾಳಿ. ಆದರೆ ಕಂಪನಿ ಸಾಯಲಿಲ್ಲ, ಹೆನ್ರಿ ಹಾಕಿಕೊಟ್ಟಿದ್ದ ಮರ, ಕಟ್ಟಡದ ಸಾಮಾನಿನ ವ್ಯಾಪಾರ ಆಮೇಲೂ ದಶಕಗಟ್ಟಲೆ ನಡೀತು. ಅಳಿಯನ ಎಂಜಿನ್ ಹೋಯ್ತು, ಬಾಮೈದನ ಅಂಗಡಿ ಉಳೀತು.

ಕೊನೇಲಿ ಒಬ್ಬ ಹುಡುಗಿ, ಡಿಪ್ಲೊಮಾ ಓದ್ತಿದಾಳಂತೆ, ಆ ಎರಡು ಫೌಂಡ್ರಿಗಳ ಜಗಳ ಏನಾಯ್ತು ಸಾರ್ ಅಂದ್ಲು. 1860ರ ದಶಕದಲ್ಲಿ ತಾಮ್ರದವರ ಫೌಂಡ್ರಿ ಮುಚ್ಚಿತು, ಹಾರ್ವಿ ಗೆದ್ದ ಹಾಗಾಯ್ತು ಅಂದೆ. ಆದರೆ ಹೇಲ್ ಊರಿಗೆ ಹೋದ್ರೆ ಒಂದು ತುದಿಗೆ ಇವತ್ತಿಗೂ ಫೌಂಡ್ರಿ ಅಂತಾರೆ, ಇನ್ನೊಂದು ತುದಿಗೆ ಕಾಪರ್‌ಹೌಸ್ ಅಂತಾರೆ. ಕಾಪರ್‌ಹೌಸ್ ಕಡೆ ಹಳೇ ಗೋಡೆಗಳು ಕಪ್ಪಗೆ ಹೊಳೀತವೆ, ತಾಮ್ರ ಕರಗಿಸಿ ಉಳಿದ ಕಿಟ್ಟವನ್ನ ಅಚ್ಚಿಗೆ ಹೊಯ್ದು ಇಟ್ಟಿಗೆ ಥರ ಮಾಡಿ ಕಟ್ಟಿದ್ದು. ಫೌಂಡ್ರಿ ಕಡೆ ಚೌಕದಲ್ಲಿ ವೈಟ್ ಹಾರ್ಟ್ ಹೆಸರಿನ ಹೋಟೆಲ್ ಈಗಲೂ ಇದೆ, ರೂಮ್ ಸಿಗತ್ತೆ.